ಕೊಳ್ಳೇಗಾಲ ಸೀಮೆಯ ಈಚಲು ಹೆಂಡ: ಪರಂಪರೆ ಮತ್ತು ಅದರ ಇತಿಹಾಸದ ಸಂರಕ್ಷಣೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಈಚಲು ಮರದ ರಸವನ್ನು ಇಳಿಸಿ, ಅದು ತಾನಾಗಿ ಹುಳಿತು ಹೆಂಡವಾದ ಮೇಲೆ ಮಾರುವ ಹಾಗೂ ಕುಡಿಯುವ ಪದ್ಧತಿ ತಲೆಮಾರುಗಳಿಂದ ನಡೆದುಬಂದು, ಕರಾವಳಿಯನ್ನು ಬಿಟ್ಟು ಉಳಿದ ಕರ್ನಾಟಕದಲ್ಲಿ ಸೇಂದಿ ಇಳಿಸುವುದನ್ನು ರಾಜ್ಯ ಸರ್ಕಾರ 2004ರಲ್ಲಿ ನಿಷೇಧಿಸಿದಾಗ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡಿತು. ಹೆಂಡ, ಸೇಂದಿ ಎಂಬ ಹೆಸರುಗಳಿಂದ ಕರೆಯುವ ಈ ಪಾನೀಯ ದ್ರಾಕ್ಷಾರಸದಂತೆಯೇ ಸಕ್ಕರೆಯುಳ್ಳ ಸಸ್ಯರಸ ಹುದುಗಿ ಆಗುವಂಥದು. ಭಟ್ಟಿ ಇಳಿಸಿ ತೆಗೆಯುವ ಸಾರಾಯಿಯ ಜಾತಿಗೆ ಸೇರಿದುದಲ್ಲ. ಈ ಸೀಮೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ತಯಾರಿಸಿದ ಪರಂಪರೆಯಿಲ್ಲ. ಕರ್ನಾಟಕದ ವೈನ್ ಉದ್ಯಮವು 1988ರಲ್ಲಿ ನಂದಿಬೆಟ್ಟದ ತಪ್ಪಲಿನಲ್ಲಿ ಆರಂಭವಾದ ಗ್ರೋವರ್ ದ್ರಾಕ್ಷಿತೋಟ, 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ, 2013ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಮುಂತಾದವುಗಳ ಮೂಲಕ ಬೆಳೆದದ್ದು ಮುಖ್ಯವಾಗಿ ಬೆಂಗಳೂರಿನ ಆಸುಪಾಸಿನಲ್ಲಿ ಮತ್ತು ಉತ್ತರ ಕರ್ನಾಟಕದಲ್ಲಿ. ಹನೂರು ತಾಲ್ಲೂಕಿನ ಮಾರ್ಟಳ್ಳಿಯಂಥ ಕ್ಯಾಥೊಲಿಕ್ ನೆಲೆಗಳಲ್ಲಿ ಬಲಿಪೂಜೆಗೆ ಬಳಸುವ ದ್ರಾಕ್ಷಾರಸವೊಂದನ್ನು ಬಿಟ್ಟರೆ, ಕಾವೇರಿಯ ದಕ್ಷಿಣದ ಈ ಮೂರು ತಾಲ್ಲೂಕುಗಳ ಹುದುಗಿನ ಪಾನೀಯವೆಂದರೆ ಈಚಲು ಹೆಂಡವೇ ಆಗಿತ್ತು.

ಈ ಪರಂಪರೆಯ ಇತಿಹಾಸವನ್ನು ಉಳಿಸುವ ಕೆಲಸಕ್ಕೆ ವಿಶಿಷ್ಟವಾದ ತೊಡಕೊಂದಿದೆ. ದ್ರಾಕ್ಷಾರಸವನ್ನು ವರ್ಷಗಟ್ಟಲೆ ಇಡಬಹುದಾದುದರಿಂದ ಅದು ನೆಲಮಾಳಿಗೆ, ಪೀಪಾಯಿ, ಶೀಶೆ, ಮೊಹರು, ಇಸವಿ ನಮೂದಿಸಿದ ಚೀಟಿಗಳ ರೂಪದಲ್ಲಿ ತನ್ನ ಚರಿತ್ರೆಯನ್ನು ಹಿಂದೆ ಬಿಟ್ಟುಹೋಗುತ್ತದೆ. ಹೆಂಡವಾದರೋ ಇಳಿಸಿದ ದಿನವೇ ಖರ್ಚಾಗಬೇಕಾದ ವಸ್ತು. ಮೂರನೆಯ ದಿನಕ್ಕೆ ಅದು ಕುಡಿಯಲಾಗದಷ್ಟು ಹುಳಿಯುತ್ತದೆ. ಅದನ್ನು ಹಿಡಿದ ಮಣ್ಣಿನ ಗಡಿಗೆ ಒಡೆದು ಮಣ್ಣಾಗುತ್ತದೆ, ಮಾರಿದ ಗುಡಿಸಲು ಒಂದು ಮಳೆಗಾಲ ಕಳೆದರೆ ಗುರುತಿಲ್ಲದಂತಾಗುತ್ತದೆ. ಆದ್ದರಿಂದ ಕೊಳ್ಳೇಗಾಲ ಸೀಮೆಯ ಹೆಂಡದ ಚರಿತ್ರೆಯನ್ನು ಕಟ್ಟಡ ಮತ್ತು ವಸ್ತುಗಳಲ್ಲಿ ಹುಡುಕುವುದಕ್ಕಿಂತ ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರ ಹಾಡಿನಲ್ಲಿ, ಕಂದಾಯದ ಲೆಕ್ಕಗಳಲ್ಲಿ, ಅಬಕಾರಿ ದಫ್ತರಗಳಲ್ಲಿ, ಮರ ಹತ್ತಿದವರ ನೆನಪಿನಲ್ಲಿ ಮತ್ತು ಸ್ವತಃ ಈಚಲು ಮರದ ಕಾಂಡದಲ್ಲಿ ಹುಡುಕಬೇಕಾಗುತ್ತದೆ.

ಮರ, ರಸ ಮತ್ತು ಕಸುಬು

ಈಚಲು ಖರ್ಜೂರದ ಹತ್ತಿರದ ಬಂಧು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫೀನಿಕ್ಸ್ ಸಿಲ್ವೆಸ್ಟ್ರಿಸ್. ಹಳ್ಳದ ದಂಡೆ, ಕೆರೆಯ ಹಿಂಭಾಗದ ಜೌಗು, ಹೊಲದ ಬದು, ಯಾರೂ ಉಳದ ಸವಳು ನೆಲ, ಹೀಗೆ ಬೇರೆ ಬೆಳೆಗೆ ಒಗ್ಗದ ಕಡೆಯಲ್ಲಿ ಅದು ತಾನೇ ಬೆಳೆಯುತ್ತದೆ. ಗರಿಯಿಂದ ಚಾಪೆ ಮತ್ತು ಪೊರಕೆ, ಹಣ್ಣಿನಿಂದ ದನಗಾಹಿ ಮಕ್ಕಳ ಹೊಟ್ಟೆಗೆ ಒಂದಿಷ್ಟು ಸಿಹಿ, ಕಾಂಡದಿಂದ ಕಾಲುವೆಗೆ ಅಡ್ಡಹಾಕುವ ದಿಮ್ಮಿ ದೊರೆಯುತ್ತಿದ್ದವು. ಆದರೆ ಸರ್ಕಾರ ಈ ಮರವನ್ನು ಲೆಕ್ಕಕ್ಕೆ ಹಿಡಿದದ್ದು ಅದರ ರಸಕ್ಕಾಗಿ. ಹಳೆಯ ಮೈಸೂರು ಸಂಸ್ಥಾನದಲ್ಲಿ ಹೆಂಡ ಎಂದರೆ ಬಹುಮಟ್ಟಿಗೆ ಈಚಲು ಹೆಂಡವೇ. ಅದಕ್ಕೆ ದಕ್ಷಿಣದಲ್ಲಿದ್ದ ಕೊಯಮತ್ತೂರು ಬಯಲಿನಲ್ಲಿ ತಾಳೆ ಮತ್ತು ತೆಂಗಿನ ಮರಗಳಿಂದ ಇಳಿಸಿದ ಕಳ್ಳು ಮುಖ್ಯವಾಗಿತ್ತು. ಕೊಳ್ಳೇಗಾಲ ಸೀಮೆ ಈ ಎರಡರ ಗಡಿಯಲ್ಲಿದೆ.

ಮರಗಳ ಈ ವ್ಯತ್ಯಾಸದಿಂದ ಕಸುಬಿನ ರೀತಿಯೂ ಬೇರೆಯಾಗುತ್ತದೆ. ತೆಂಗು ಮತ್ತು ತಾಳೆಯಲ್ಲಿ ಇನ್ನೂ ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು ಮೆದುಗೊಳಿಸಿ, ತುದಿಯನ್ನು ದಿನವೂ ತೆಳುವಾಗಿ ಕೊಯ್ದು ರಸ ತೆಗೆಯುತ್ತಾರೆ. ಈಚಲಿನಲ್ಲಿ ಹೊಂಬಾಳೆಯ ಗೊಡವೆಯಿಲ್ಲ. ಮರದ ನೆತ್ತಿಯ ಸ್ವಲ್ಪ ಕೆಳಗೆ ಒಂದು ಪಕ್ಕದ ಗರಿಗಳನ್ನು ಸವರಿ ತೆಗೆದು, ಎಳೆಯ ಕಾಂಡ ಬೆಳ್ಳಗೆ ಕಾಣುವವರೆಗೆ ಮುಕ್ಕೋನಾಕಾರದಲ್ಲಿ ಕೆತ್ತಿ, ಕೆಳಗಿನ ಮೂಲೆಯಲ್ಲಿ ಬಿದಿರಿನ ಸೀಳನ್ನು ನೆಟ್ಟು, ಅದರ ಬಾಯಿಗೆ ಗಡಿಗೆಯನ್ನೋ ಸೋರೆಬುರುಡೆಯನ್ನೋ ತೂಗುಹಾಕುತ್ತಾರೆ. ರಾತ್ರಿಯ ತಂಪಿನಲ್ಲಿ ರಸ ಸುರಿಯುತ್ತದೆ. ಬೆಳಗಿನ ಜಾವ ಮರ ಹತ್ತಿ ಅದನ್ನು ಇಳಿಸಿ, ಗಾಯವನ್ನು ಮತ್ತೆ ಒಂದು ಪದರ ಕೊಯ್ದು ಹೊಸದು ಮಾಡುತ್ತಾರೆ. ಮಾಗಿಯ ಚಳಿಯಲ್ಲಿ ಇಳಿಸಿದ ರಸ ಹೆಚ್ಚು ಸಿಹಿ, ಹೆಚ್ಚು ತಿಳಿ. ಕೆತ್ತನೆ ಆಳವಾದರೆ ಮರದ ಸುಳಿಗೆ ಪೆಟ್ಟು ಬಿದ್ದು ಮರವೇ ಸಾಯುತ್ತದೆ, ತೆಳುವಾದರೆ ರಸ ಬರುವುದಿಲ್ಲ. ಈ ಅಂದಾಜು ಕೈಗೆ ಬರಲು ವರ್ಷಗಳ ಅಭ್ಯಾಸ ಬೇಕಾಗಿದ್ದರಿಂದ ಇದು ತಂದೆಯಿಂದ ಮಗನಿಗೆ ಬರುವ ಕಸುಬಾಗಿ ಉಳಿಯಿತು.

ಒಂದು ವರ್ಷ ಕೆತ್ತಿದ ಪಕ್ಕವನ್ನು ಮರುವರ್ಷ ಕೆತ್ತುವುದಿಲ್ಲ. ಮರ ಅಷ್ಟರಲ್ಲಿ ತುಸು ಮೇಲೆ ಬೆಳೆದಿರುತ್ತದೆ, ಹೊಸ ಗಾಯ ಎದುರು ಪಕ್ಕಕ್ಕೆ ಬೀಳುತ್ತದೆ. ಹೀಗೆ ವರ್ಷಕ್ಕೊಂದರಂತೆ ಎಡಬಲ ಬದಲಾಗುತ್ತಾ ಹೋದ ಕಚ್ಚುಗಳಿಂದ ಬಹುಕಾಲ ಇಳಿಸಿದ ಈಚಲು ಮರದ ಕಾಂಡ ಅಂಕುಡೊಂಕಾಗಿ ಕಾಣುತ್ತದೆ. ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರೊ ಎರಡು ಶತಮಾನಗಳ ಹಿಂದೆಯೇ ಇದನ್ನು ಗಮನಿಸಿ, ಕಚ್ಚುಗಳನ್ನು ಎಣಿಸಿ, ಮೊದಲ ಬಾರಿಗೆ ಇಳಿಸುವ ಮುನ್ನ ಮರ ಬೆಳೆದ ಆರೇಳು ವರ್ಷಗಳನ್ನು ಕೂಡಿಸಿದರೆ ಮರದ ವಯಸ್ಸು ತಿಳಿಯುತ್ತದೆ ಎಂದು ಬರೆದಿದ್ದಾನೆ. ಚರಿತ್ರೆಯ ದೃಷ್ಟಿಯಿಂದ ಇದಕ್ಕಿಂತ ಬೆಲೆಯುಳ್ಳ ಸಾಕ್ಷ್ಯ ಕಡಿಮೆ. ಕಾಗದ ಹೇಳದಿರುವುದನ್ನು, ಎಂದರೆ ಯಾವ ಹಳ್ಳದ ದಂಡೆಯಲ್ಲಿ ಎಷ್ಟು ವರ್ಷ ನಿರಂತರವಾಗಿ ಕಸುಬು ನಡೆಯಿತು, ಎಲ್ಲಿ ನಡುವೆ ಕೆಲವು ವರ್ಷ ನಿಂತು ಮತ್ತೆ ಆರಂಭವಾಯಿತು ಎಂಬುದನ್ನು ಕಚ್ಚುಗಳ ನಡುವಿನ ಅಂತರವೇ ತೋರಿಸುತ್ತದೆ.

ಇಳಿಸಿದ ರಸದಲ್ಲಿ ಸಕ್ಕರೆಯ ಅಂಶ ಸುಮಾರು ನೂರಕ್ಕೆ 10ರಿಂದ 14ರಷ್ಟಿರುತ್ತದೆ. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ರಸ ಹುದುಗದೆ ಸಿಹಿಯಾಗಿಯೇ ಉಳಿಯುತ್ತದೆ. ಅದನ್ನು ನೀರಾ ಎನ್ನುತ್ತಾರೆ, ಕಾಸಿದರೆ ಈಚಲು ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಡಿಗೆಯಲ್ಲಿ ಹಿಂದಿನ ದಿನದಿಂದ ಉಳಿದ ಹಾಗೂ ಗಾಳಿಯಿಂದ ಬಂದು ಸೇರಿದ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಬೆಳಗಾಗುವಷ್ಟರಲ್ಲಿ ಕೆಲಸ ಆರಂಭಿಸಿರುತ್ತವೆ. ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವುದು ಯೀಸ್ಟಿನ ಕೆಲಸ, ಹುಳಿಯನ್ನು ಕೊಡುವುದು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಕೆಲಸ. ಮಧ್ಯಾಹ್ನಕ್ಕೆ ನೊರೆಯೇಳುತ್ತದೆ, ಒಂದು ದಿನದೊಳಗೆ ಮದ್ಯಸಾರ ನೂರಕ್ಕೆ 4ರಿಂದ 6ರವರೆಗೆ ಏರುತ್ತದೆ, ಆಮೇಲೆ ಅಸಿಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು ಹೆಂಡವನ್ನು ವಿನೆಗರ್‌ನತ್ತ ಒಯ್ಯುತ್ತವೆ. ಹೊರಗಿನಿಂದ ಹುದುಗು ಹಾಕದೆ, ಕುದಿಸದೆ, ಸೋಸದೆ ಆಗುವ ಈ ಪಾನೀಯಕ್ಕೆ ಕುಶಲತೆಯೆಲ್ಲ ಮರದ ಮೇಲೆ ಮತ್ತು ಗಡಿಗೆಯ ಶುಚಿಯಲ್ಲಿತ್ತು.

ಈ ಕಸುಬನ್ನು ಕುಲವೃತ್ತಿಯಾಗಿ ನಡೆಸಿದವರು ಈಡಿಗರು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥಮಾಲೆಯಲ್ಲೂ ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯ ಸಂಪುಟಗಳಲ್ಲೂ ಅವರ ವಿವರಗಳಿವೆ. ಇಪ್ಪತ್ತನೆಯ ಶತಮಾನದಲ್ಲಿ ಈ ಸಮುದಾಯ ಬೇಸಾಯ, ಶಿಕ್ಷಣ, ನೌಕರಿ, ಕಲೆಗಳತ್ತ ನಡೆಯಿತು. ಕನ್ನಡ ಚಿತ್ರರಂಗದ ಮೇರುನಟ ರಾಜ್‌ಕುಮಾರ್ ಅವರ ತಂದೆ, ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಈ ಸೀಮೆಯ ಸಿಂಗಾನಲ್ಲೂರಿನವರೇ ಆಗಿದ್ದು, ಅವರದೂ ಈಡಿಗ ಮನೆತನ. ಸಮುದಾಯ ತನ್ನ ಹಳೆಯ ಕಸುಬಿನಿಂದ ದೂರ ಸರಿದದ್ದು ಬದುಕಿನ ದೃಷ್ಟಿಯಿಂದ ಒಳಿತೇ. ಕಸುಬಿನ ಅರಿವು ಮಾತ್ರ ಯಾರೂ ಬರೆದಿಡದೆ ಅದರೊಂದಿಗೆ ಹಿಂದೆ ಉಳಿಯಿತು.

ಮಂಟೇಸ್ವಾಮಿ ಪರಂಪರೆಯಲ್ಲಿ ಹೆಂಡ

ಕನ್ನಡ ಸಾಹಿತ್ಯಕ್ಕೆ ಪಾನದ ಪ್ರಸಂಗ ಹೊಸದಲ್ಲ. 941ರ ಸುಮಾರಿಗೆ ರಚಿತವಾದ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಸೂಳೆಗೇರಿಯ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಮದಿರಾಪಾನವನ್ನು ಅರಮನೆಯ ವಿನೋದಗಳಲ್ಲಿ ಒಂದೆಂದು ಎಣಿಸುತ್ತದೆ. ಅದೇ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುವ ಕಾಯಕದವನಾಗಿದ್ದ ಹೆಂಡದ ಮಾರಯ್ಯ ಶರಣರ ಸಾಲಿನಲ್ಲಿ ಕುಳಿತು ವಚನ ಬರೆದನು. ಅರಮನೆಯ ಪಾನ ಮತ್ತು ಕಾಯಕದ ಹೆಂಡ ಒಂದೇ ಊರಿನಲ್ಲಿ, ಹತ್ತಿರ ಹತ್ತಿರದ ಕಾಲದಲ್ಲಿ ಕಾಣಿಸಿಕೊಂಡರೂ, ಹೆಂಡವನ್ನು ಕಥೆಯ ನಡುವಿಗೆ ತಂದು ನಿಲ್ಲಿಸಿದ್ದು ಲಿಖಿತ ಕಾವ್ಯವಲ್ಲ. ಕೊಳ್ಳೇಗಾಲ, ಮಳವಳ್ಳಿ, ಚಾಮರಾಜನಗರ ಸೀಮೆಯ ಮೌಖಿಕ ಮಹಾಕಾವ್ಯವಾದ ಮಂಟೇಸ್ವಾಮಿ.

ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಂದಿಗೆ ರಾತ್ರಿಯಿಡೀ ಹಾಡುವ ಈ ಕಾವ್ಯದಲ್ಲಿ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣವನ್ನು ಪರೀಕ್ಷಿಸಲು ಬರುತ್ತಾರೆ. ಅವರ ವೇಷ ಕುಷ್ಠರೋಗಿಯದು. ಹೆಗಲ ಮೇಲೆ ಸತ್ತ ಕರು, ಜೊತೆಗೆ ಹೆಂಡದ ಗಡಿಗೆ ಮತ್ತು ಭಂಗಿಸೊಪ್ಪು. ಲಿಂಗ ಕಟ್ಟಿಕೊಂಡು ದಾಸೋಹದ ಪಂಕ್ತಿಯಲ್ಲಿ ಕುಳಿತ ಒಂದು ಲಕ್ಷದ ತೊಂಬತ್ತಾರು ಸಾವಿರ ಮಂದಿ ಜಂಗಮರಲ್ಲಿ ಹೆಚ್ಚಿನವರು ಆ ನಾತಕ್ಕೆ ಹೇಸಿ ಹಿಂಜರಿಯುತ್ತಾರೆ, ಬಾಗಿಲಲ್ಲೇ ತಡೆಯುತ್ತಾರೆ. ಬಂದವರು ಯಾರೆಂದು ಗುರುತಿಸಿ ಬರಮಾಡಿಕೊಳ್ಳುವವರೇ ನಿಜವಾದ ಶರಣರೆಂದು ಕಥೆ ತೀರ್ಮಾನಿಸುತ್ತದೆ. ಇಲ್ಲಿ ಹೆಂಡ ಕೇವಲ ಅಲಂಕಾರಕ್ಕೆ ಬಂದ ವಸ್ತುವಲ್ಲ. ಕುಲ ಮತ್ತು ಮಡಿಯ ಆಧಾರದ ಮೇಲೆ ಯಾವುದನ್ನು ಹೊರಗಿಡಲಾಗಿತ್ತೋ ಅದನ್ನೇ ದೈವದ ಕೈಯಲ್ಲಿಟ್ಟು, ಸಮಾನತೆಯ ಮಾತನ್ನು ಆಡಿದ ಊರನ್ನು ಅದರ ಮಾತಿನಿಂದಲೇ ಒರೆಗೆ ಹಚ್ಚುವ ಧೈರ್ಯ ಈ ಪ್ರಸಂಗದಲ್ಲಿದೆ. ಕನ್ನಡ ಸಮಾಜ ತನ್ನ ಕುರಿತು ತಾನೇ ಹಾಡಿಕೊಂಡ ವಿಮರ್ಶೆಗಳಲ್ಲಿ ಇದಕ್ಕೆ ಸಮನಾದುದು ವಿರಳ. ಎಚ್.ಎಸ್. ಶಿವಪ್ರಕಾಶರ ಮಂಟೇಸ್ವಾಮಿ ಕಥಾಪ್ರಸಂಗ ನಾಟಕ ಈ ಕಾವ್ಯವನ್ನು ಆಧುನಿಕ ರಂಗಭೂಮಿಗೆ ತಂದಿತು.

ಮಂಟೇಸ್ವಾಮಿಯ ಶಿಶುಮಕ್ಕಳಲ್ಲಿ ಮುಖ್ಯನಾದ ಸಿದ್ದಪ್ಪಾಜಿಯ ಗದ್ದುಗೆ ಇರುವುದು ಕೊಳ್ಳೇಗಾಲ–ಹನೂರು ಸೀಮೆಯ ಚಿಕ್ಕಲ್ಲೂರಿನಲ್ಲಿ. ಪುಷ್ಯ ಮಾಸದ ಹುಣ್ಣಿಮೆಯಂದು ಚಂದ್ರಮಂಡಲ ಹೊತ್ತಿಸುವುದರೊಂದಿಗೆ ಆರಂಭವಾಗುವ ಇಲ್ಲಿನ ಐದು ದಿನಗಳ ಜಾತ್ರೆಯಲ್ಲಿ ಮುಡಿಸೇವೆ ಮತ್ತು ಪಂಕ್ತಿಸೇವೆ ಪ್ರಧಾನವಾದವು. ಪಂಕ್ತಿಸೇವೆಯೆಂದರೆ ಬಯಲಿನಲ್ಲಿ ಬಿಡಾರ ಹೂಡಿದ ಒಕ್ಕಲುಗಳು ಮಾಂಸದಡುಗೆ ಮಾಡಿ, ಎಡೆಯಿಟ್ಟು, ಜಾತಿಯ ಎಣಿಕೆಯಿಲ್ಲದೆ ಸಾಲಾಗಿ ಕುಳಿತು ಉಣ್ಣುವ ಆಚರಣೆ. ಪ್ರಾಣಿಬಲಿ ತಡೆಯ ಕಾನೂನಿನ ಹೆಸರಿನಲ್ಲಿ ಇದಕ್ಕೆ ನಿರ್ಬಂಧ ಬಂದಾಗ, ಇದು ಬಲಿಯಲ್ಲ, ಸಹಭೋಜನವೆಂದು ಪರಂಪರೆಯ ಒಕ್ಕಲುಗಳೂ ಲೇಖಕರೂ ವಾದಿಸಿದ್ದಾರೆ. ಒಂದು ಸೀಮೆಯ ಅನ್ನಪಾನದ ಪದ್ಧತಿಯನ್ನು ಹೊರಗಿನವರು ನೋಡುವ ಬಗೆಗೂ ಒಳಗಿನವರು ಬದುಕುವ ಬಗೆಗೂ ಎಷ್ಟು ಅಂತರವಿದೆಯೆಂಬುದನ್ನು ಈ ವಾದ ಸ್ಪಷ್ಟವಾಗಿ ತೋರಿಸಿತು. ಹೆಂಡದ ಚರಿತ್ರೆಯನ್ನು ಬರೆಯುವವರು ಇದನ್ನು ಮರೆಯಬಾರದು.

ಇದೇ ನೆಲದ ಇನ್ನೊಂದು ಮಹಾಕಾವ್ಯವಾದ ಮಲೆಯ ಮಾದೇಶ್ವರವನ್ನು ಕಂಸಾಳೆಯ ದೇವರಗುಡ್ಡರು ಹಾಡುತ್ತಾರೆ. ಎರಡೂ ಕಾವ್ಯಗಳ ಸಂಗ್ರಹ ಕಾರ್ಯ ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ಜಾನಪದ ವಿದ್ವಾಂಸರಿಂದ ಮುನ್ನಡೆಯಿತು. 1990ರ ದಶಕದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವುಗಳ ಬೃಹತ್ ಪಾಠಗಳನ್ನು ಪ್ರಕಟಿಸಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ, ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಪಾಠ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರ ಇಂಗ್ಲಿಷ್ ಅನುವಾದದಲ್ಲಿ 2001ರಲ್ಲಿ ಸಾಹಿತ್ಯ ಅಕಾದೆಮಿಯಿಂದ ಹೊರಬಂತು. ಮೌಖಿಕ ಪರಂಪರೆಯ ಸಂರಕ್ಷಣೆಯಲ್ಲಿ ಈ ಸೀಮೆ ಬೇರೆ ಅನೇಕ ಸೀಮೆಗಳಿಗಿಂತ ಅದೃಷ್ಟಶಾಲಿಯೇ ಸರಿ. ಹಾಡುಗಾರನ ಪದಗಳಲ್ಲಿ ಗಡಿಗೆ, ಬುರುಡೆ, ವನ, ನೊರೆ, ನಾತಗಳ ಸಾಮಗ್ರಿ ಹೇರಳವಾಗಿ ಬರುವುದರಿಂದ, ಮುದ್ರಿತ ಪಾಠಗಳನ್ನು ಪಾನದ ಚರಿತ್ರೆಯ ಆಕರವಾಗಿ ಮತ್ತೊಮ್ಮೆ ಓದುವ ಅವಕಾಶ ವಿಸ್ತಾರವಾಗಿದೆ.

ಒಂದು ಸೀಮೆ, ಎರಡು ಆಡಳಿತ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಮೂರು ತಾಲ್ಲೂಕುಗಳ ನಡುವೆ ಒಂದು ರಾಜ್ಯದ ಗಡಿಯೇ ಹಾದುಹೋಯಿತು. ಈಗಿನ ಹನೂರನ್ನೂ ಒಳಗೊಂಡ ಕೊಳ್ಳೇಗಾಲವು ಕಂಪನಿ ಸರ್ಕಾರದ ವಶಕ್ಕೆ ಹೋಗಿ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಯಿತು. ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ಜಿಲ್ಲೆಗೆ ಸೇರುವವರೆಗೆ, ಎಂದರೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ, ಪಕ್ಕಪಕ್ಕದ ಊರುಗಳ ಈಚಲು ಮರಗಳು ಎರಡು ಬೇರೆ ಸರ್ಕಾರಗಳಿಗೆ ಕಂದಾಯ ಸಲ್ಲಿಸಿದವು. 1997ರಲ್ಲಿ ಚಾಮರಾಜನಗರ ಜಿಲ್ಲೆ ರೂಪುಗೊಂಡಿತು; ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಈಚೆಗೆ.

ಈ ವಿಭಜನೆಯ ಪರಿಣಾಮ ಚರಿತ್ರೆಯ ಆಕರಗಳಲ್ಲಿ ಇಂದಿಗೂ ಕಾಣುತ್ತದೆ. ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ ಯಳಂದೂರು ಜಹಗೀರಿನ ಶಾಸನಗಳು ಸೇರಿದವು, ನೆರೆಯ ಕೊಳ್ಳೇಗಾಲದವು ಮದರಾಸಿನ ಶಾಸನ ಇಲಾಖೆಯ ಪಾಲಿಗೆ ಉಳಿದವು. ಅಬಕಾರಿ ಕಾಗದಗಳ ಕಥೆಯೂ ಇದೇ. ಕೊಳ್ಳೇಗಾಲಕ್ಕೆ ಅನ್ವಯಿಸುತ್ತಿದ್ದುದು 1886ರ ಮದರಾಸು ಅಬಕಾರಿ ಕಾಯ್ದೆ. ಅದರ ದಾಖಲೆಗಳು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೂ ಕೊಯಮತ್ತೂರಿನ ಜಿಲ್ಲಾ ದಫ್ತರಕ್ಕೂ ಸಂಬಂಧಿಸಿದವು. ಎಫ್.ಎ. ನಿಕಲ್ಸನ್ 1887ರಲ್ಲಿ ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲಾ ಕೈಪಿಡಿ ಕೊಳ್ಳೇಗಾಲವನ್ನು ತನ್ನ ಒಂದು ತಾಲ್ಲೂಕಾಗಿ ಪರಿಗಣಿಸುತ್ತದೆ. ಯಳಂದೂರಿನ ಕಾಗದಗಳನ್ನು ಹುಡುಕುವವರು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರಕ್ಕೂ ಅದರ ಮೈಸೂರು ಶಾಖೆಗೂ ಹೋಗಬೇಕು. ಹೀಗೆ ಒಂದೇ ಹಾಡನ್ನು ಹಾಡುವ, ಒಂದೇ ಜಾತ್ರೆಗೆ ಹೋಗುವ ಜನರ ಕಸುಬಿನ ದಾಖಲೆ ಎರಡು ರಾಜ್ಯಗಳಲ್ಲಿ, ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ಚದುರಿಹೋಗಿದೆ.

ಈ ದಾಖಲೆಗಳು ಅಂಕಿಗಳ ಒಣಪಟ್ಟಿಗಳೆಂದು ಭಾವಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಹೆಂಡದ ಹಕ್ಕನ್ನು ಹರಾಜಿನಲ್ಲಿ ಗುತ್ತಿಗೆದಾರರಿಗೆ ಕೊಡುವ ಪದ್ಧತಿಯಿತ್ತು. ಮರ ಹತ್ತುವವನು ಗುತ್ತಿಗೆದಾರನ ಕೈಕೆಳಗಿನ ಕೂಲಿಯಾಗಿದ್ದ. ಅನಂತರ ಬಂದ ಮರಗಂದಾಯ ಪದ್ಧತಿಯಲ್ಲಿ ಪ್ರತಿಯೊಂದು ಮರಕ್ಕೂ ಗುರುತು ಹಾಕಿ, ಮರಕ್ಕೆ ಇಂತಿಷ್ಟೆಂದು ತೆರಿಗೆ ಗೊತ್ತುಮಾಡಿ, ಇಳಿಸುವವರಿಗೆ ಪರವಾನಗಿ ಕೊಡಲಾಗುತ್ತಿತ್ತು. ಹೆಂಡದ ಗುತ್ತಿಗೆಯ ಹಿಂದೆ ಸಾಮಾನ್ಯವಾಗಿ ಹೆಸರೇ ಇಲ್ಲದೆ ಮರೆಯಾಗುವ ದುಡಿಮೆಗಾರ ಸರ್ಕಾರಿ ಕಾಗದದಲ್ಲಿ ಕಾಣಸಿಗುವುದು ಇಂಥ ಕಡೆಯಲ್ಲೇ. ಇಂಥ ತೆರಿಗೆಯ ಬೇರು ಇನ್ನೂ ಹಳೆಯದು. ಚೋಳರ ಕಾಲದಲ್ಲಿ ತಲಕಾಡಿನ ಸುತ್ತಣ ನೆಲ ಅವರ ಆಳ್ವಿಕೆಗೆ ಒಳಪಟ್ಟಿತ್ತು; ಕಳ್ಳು ಇಳಿಸುವವರ ಮೇಲಿನ ತೆರಿಗೆ ತಮಿಳು ಶಾಸನಗಳಲ್ಲಿ ಪಲ್ಲವರ ಕಾಲದಿಂದಲೂ ಬರುತ್ತದೆ. ಮರ ಹತ್ತುವವನಿಂದ ಕರ ವಸೂಲಿ ಮಾಡುವುದು ಬ್ರಿಟಿಷರು ಹೊಸದಾಗಿ ತಂದ ಸಂಗತಿಯಲ್ಲ.

ಹೊರಗಿನ ಪ್ರವಾಸಿಯ ಕಣ್ಣಿಗೆ ಈ ನೆಲ ಮೊದಲು ವಿವರವಾಗಿ ಕಂಡದ್ದು 1800ರಲ್ಲಿ. ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ, ಕಂಪನಿ ಸರ್ಕಾರದ ಆದೇಶದಂತೆ ಹೊಸದಾಗಿ ಗೆದ್ದ ಪ್ರದೇಶಗಳನ್ನು ಸಮೀಕ್ಷಿಸುತ್ತಾ, ಸೋಸಲೆ, ಮಾಲಂಗಿ, ಸತ್ತೇಗಾಲ, ಸಿಂಗಾನಲ್ಲೂರು, ಹನೂರು, ಕೌದಳ್ಳಿ, ಮಾರ್ಟಳ್ಳಿಗಳ ಮೂಲಕ ಕಾವೇರಿಪುರದ ಕಣಿವೆಗೆ ಇಳಿದ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥ ಬೆಳೆ, ಜಾತಿ, ಕಸುಬು, ಕಾಡುಗಳ ಕುರಿತು ಕೊಡುವ ವಿವರಗಳಿಂದ ಈ ಸೀಮೆಯ ಆರ್ಥಿಕ ಚರಿತ್ರೆಯ ಯಾವುದೇ ಅಧ್ಯಯನಕ್ಕೂ ಅನಿವಾರ್ಯವಾಗಿದೆ.

ನಿಷೇಧಗಳು

ಹೆಂಡವನ್ನು ಮೊದಲು ನಿಲ್ಲಿಸಹೊರಟವನು ಟಿಪ್ಪು ಸುಲ್ತಾನ್. ತನ್ನ ಆಳ್ವಿಕೆಯಲ್ಲಿ ಮದ್ಯವನ್ನು ಪೂರ್ಣವಾಗಿ ನಿಷೇಧಿಸಬೇಕೆಂದು ಅವನು ಬಯಸಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಈ ಆಶಯ ರಾಷ್ಟ್ರೀಯ ಚಳವಳಿಯ ಅಂಗವಾಯಿತು. ಸಿ. ರಾಜಗೋಪಾಲಾಚಾರಿಯವರ ಮದರಾಸು ಸರ್ಕಾರ 1937ರ ಅಕ್ಟೋಬರ್ 1ರಂದು ಪಾನನಿರೋಧವನ್ನು ಮೊಟ್ಟಮೊದಲು ಜಾರಿಗೆ ತಂದದ್ದು ಕೊಳ್ಳೇಗಾಲಕ್ಕೆ ಹೊಂದಿಕೊಂಡಂತೆಯೇ ಇದ್ದ ಸೇಲಂ ಜಿಲ್ಲೆಯಲ್ಲಿ. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ನೇತೃತ್ವದಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಮರ ಕಡಿಯುವುದೆಂದರೆ ಸರ್ಕಾರದ ಬೊಕ್ಕಸದ ಬೇರಿಗೆ ಕೊಡಲಿಯಿಡುವುದು ಎಂಬ ಅರ್ಥ ಅದಕ್ಕಿತ್ತು. 1948ರ ಹೊತ್ತಿಗೆ ಪಾನನಿರೋಧ ಇಡೀ ಮದರಾಸು ಪ್ರಾಂತಕ್ಕೆ ವಿಸ್ತರಿಸಿದಾಗ ಕೊಳ್ಳೇಗಾಲವೂ ಅದರೊಳಗಿತ್ತು. 1956ರಲ್ಲಿ ತಾಲ್ಲೂಕು ಮೈಸೂರಿಗೆ ಬಂದ ಮೇಲೂ ಹೊಸ ಶಾಸನ ಬರುವವರೆಗೆ ಅಲ್ಲಿ ಹಳೆಯ ಮದರಾಸು ಕಾನೂನೇ ಮುಂದುವರಿಯಿತು. ಮೈಸೂರು ರಾಜ್ಯವು 1961ರಲ್ಲಿ ಪಾನನಿರೋಧ ಕಾಯ್ದೆಯನ್ನೂ 1965ರಲ್ಲಿ ಅಬಕಾರಿ ಕಾಯ್ದೆಯನ್ನೂ ಮಾಡಿತು. ಆ ದಶಕದ ಕೊನೆಗೆ ಪಾನನಿರೋಧ ಸಡಿಲಗೊಂಡು ಸೇಂದಿ ಮತ್ತೆ ಕಾನೂನುಬದ್ಧವಾಯಿತು.

ಆದರೆ ಹಾಗೆ ಮರಳಿ ಬಂದ ಸೇಂದಿ ಹಳೆಯ ಹೆಂಡವಾಗಿರಲಿಲ್ಲ. ದೊಡ್ಡ ಗುತ್ತಿಗೆದಾರರ ಕೈಯಲ್ಲಿ, ಮರದಿಂದ ಇಳಿದದ್ದಕ್ಕಿಂತ ಹೆಚ್ಚು ಮಾರಬೇಕಾದ ಒತ್ತಡದಲ್ಲಿ, ನೀರು ಬೆರೆಸಿ, ಅಮಲಿಗಾಗಿ ಕ್ಲೋರಲ್ ಹೈಡ್ರೇಟ್‌ನಂಥ ರಾಸಾಯನಿಕವನ್ನು ಕೂಡಿಸುವ ಕಲಬೆರಕೆ ರಾಜ್ಯದ ಹಲವೆಡೆ ಹಬ್ಬಿತು. ದುಡಿದ ಕೂಲಿಯನ್ನು ಅಂಗಡಿಗೆ ಸುರಿದು ಬರುವ ಗಂಡಸರಿಂದ ಹೆಂಗಸರೂ ಮಕ್ಕಳೂ ಪಟ್ಟ ಪಾಡು ಈ ಚರಿತ್ರೆಯ ಬೇರ್ಪಡಿಸಲಾಗದ ಭಾಗ; ಪರಂಪರೆಯ ಹೆಸರಿನಲ್ಲಿ ಅದನ್ನು ಮರೆಮಾಡುವ ಬರವಣಿಗೆ ಪ್ರಾಮಾಣಿಕವಾಗಲಾರದು. 2004ರಲ್ಲಿ ಸೇಂದಿಗೂ 2007ರ ಜುಲೈ 1ರಿಂದ ಸಾರಾಯಿಗೂ ಬಂದ ನಿಷೇಧದ ಹಿನ್ನೆಲೆಯಲ್ಲಿ ಈ ನೋವೂ ಇತ್ತು. ಗಡಿಯಾಚೆಯ ತಮಿಳುನಾಡು 1987ರಲ್ಲೇ ಕಳ್ಳನ್ನು ನಿಲ್ಲಿಸಿತ್ತು. ಕಾರ್ಖಾನೆಯಲ್ಲಿ ತಯಾರಾಗುವ, ಹೆಚ್ಚು ಮದ್ಯಸಾರವುಳ್ಳ ಪಾನೀಯಗಳು ಪರವಾನಗಿಯೊಂದಿಗೆ ಮುಂದುವರಿದು, ದುಡಿಮೆಗಾರನ ಕೈಗೆ ನೇರವಾಗಿ ಕೂಲಿ ತರುತ್ತಿದ್ದ ಕಸುಬು ಮಾತ್ರ ನಿಂತದ್ದು ನ್ಯಾಯದ ಪ್ರಶ್ನೆಯನ್ನು ಹುಟ್ಟಿಸುತ್ತದೆ. ತೆಂಗಿನ ನೀರಾ ಇಳಿಸಲು ರಾಜ್ಯ ಆಮೇಲೆ ಅವಕಾಶ ಕೊಟ್ಟಿತಾದರೂ ಅದರ ಪ್ರಯೋಜನ ತೆಂಗು ಬೆಳೆಗಾರರಿಗೆ ದೊರೆಯುವಂಥದು, ಈಚಲಿನ ಕಸುಬುದಾರರಿಗಲ್ಲ.

ಉಳಿದಿರುವ ಆಕರಗಳು ಮತ್ತು ಸಂರಕ್ಷಣೆ

ಜಾರ್ಜಿಯಾ ದೇಶದ ರೈತರು ಕ್ವೆವ್ರಿ ಎಂಬ ಮಣ್ಣಿನ ಹೂಜಿಗಳನ್ನು ನೆಲದಲ್ಲಿ ಹೂತು ದ್ರಾಕ್ಷಾರಸ ಮಾಡುವ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಪಟ್ಟಿಗೆ ಸೇರಿದ್ದು ಪಾನೀಯಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಅರಿವು: ಹೂಜಿ ಮಾಡುವ ಕುಂಬಾರಿಕೆ, ಅದನ್ನು ತೊಳೆಯುವ ಕ್ರಮ, ಕುಟುಂಬದೊಳಗಿನ ಕಲಿಕೆ, ಹಬ್ಬ ಮತ್ತು ಹಾಡು. ಕಸುಬು ಜೀವಂತವಾಗಿರುವಲ್ಲಿ ಇಂಥ ಮಾನ್ಯತೆ ಸುಲಭ. ಕಾನೂನು ಕಸುಬನ್ನು ನಿಲ್ಲಿಸಿರುವ ಕೊಳ್ಳೇಗಾಲದಂಥ ಸೀಮೆಯಲ್ಲಿ ಸಂರಕ್ಷಣೆಯೆಂದರೆ ಮತ್ತೆ ಹೆಂಡದಂಗಡಿ ತೆರೆಯುವುದಲ್ಲ, ನಡೆದುಹೋದ ಬದುಕನ್ನು ಅದರ ಒಳಿತು ಕೆಡುಕುಗಳೊಂದಿಗೆ ದಾಖಲಿಸುವುದು.

ಇದಕ್ಕೆ ಬೇಕಾದ ಸಂಸ್ಥೆಗಳು ರಾಜ್ಯದಲ್ಲಿವೆ. ಮೈಸೂರು ವಿಶ್ವವಿದ್ಯಾಲಯವು 1968ರಲ್ಲಿ ಆರಂಭಿಸಿದ, ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತು ಸಂಗ್ರಹಾಲಯವೂ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಬೇಸಾಯ, ನೇಯ್ಗೆ, ಕುಂಬಾರಿಕೆ, ಬೇಟೆಗಳ ಸಾಮಗ್ರಿಗಳನ್ನು ಜತನದಿಂದ ಕೂಡಿಟ್ಟಿವೆ. ಹೆಂಡ ಇಳಿಸುವ ಕತ್ತಿ, ಮರ ಹತ್ತುವ ಹಗ್ಗ, ಬಿದಿರಿನ ಸೀಳು, ಹೊಗೆ ಹಿಡಿದ ಬುರುಡೆಗಳನ್ನೂ ಅವುಗಳ ಸ್ಥಳೀಯ ಹೆಸರಿನೊಂದಿಗೆ, ಬಳಸಿದ ಊರಿನ ಗುರುತಿನೊಂದಿಗೆ ಅದೇ ಗೌರವದಿಂದ ಇರಿಸುವುದು ಯೋಗ್ಯ. ನಿಷೇಧ ಬಂದಾಗ ನಲವತ್ತು ವಯಸ್ಸಿನವರಾಗಿದ್ದ ಕಸುಬುದಾರರು ಈಗ ಅರವತ್ತನ್ನು ದಾಟಿದ್ದಾರೆ. ಕತ್ತಿಯನ್ನು ಯಾವ ಕೋನದಲ್ಲಿ ಹಿಡಿಯಬೇಕು, ಯಾವ ಮರ ಎಷ್ಟು ದಿನ ವಿಶ್ರಾಂತಿ ಬೇಡುತ್ತದೆ, ಮೋಡ ಕವಿದ ದಿನ ರಸ ಏಕೆ ತೆಳುವಾಗುತ್ತದೆ ಎಂಬಂಥ ವಿಷಯಗಳನ್ನು ಹೇಳಬಲ್ಲ ಕೊನೆಯ ತಲೆಮಾರು ಅವರದೇ. ನೀಲಗಾರರ ಹಾಡಿಗೆ ದೊರೆತ ಧ್ವನಿಮುದ್ರಣದ ಸೌಕರ್ಯ ಅವರ ಮಾತಿಗೂ ದೊರೆಯಬೇಕು, ಜೊತೆಗೆ ಹೆಂಡದಂಗಡಿಯಿಂದ ನೊಂದ ಮನೆಯ ಹೆಂಗಸರ ಮಾತಿಗೂ.

ಎಲ್ಲಕ್ಕಿಂತ ಬೇಗ ಕಣ್ಮರೆಯಾಗುತ್ತಿರುವ ಆಕರವೆಂದರೆ ಸೇಂದಿವನಗಳು. ಮರಗಳಿಗಾಗಿಯೇ ಸರ್ಕಾರ ಕಾಯ್ದಿರಿಸಿದ್ದ ಈ ಜಮೀನುಗಳು ಕಂದಾಯ ಲೆಕ್ಕಗಳಲ್ಲಿ ಸೇಂದಿವನವೆಂಬ ಹೆಸರಿನಲ್ಲೇ ನಮೂದಾಗಿರುತ್ತವೆ. ಕಸುಬು ನಿಂತ ಮೇಲೆ ಇಂಥ ನೆಲ ರಾಜ್ಯದ ಉದ್ದಗಲಕ್ಕೂ ನಿವೇಶನ, ಸಾರ್ವಜನಿಕ ಕಟ್ಟಡ, ಮಂಜೂರಾತಿ, ಒತ್ತುವರಿಗಳಿಗೆ ಹೋಗುತ್ತಿದೆ. ಪಹಣಿಯಲ್ಲಿ ಒಂದು ಪದ ಬದಲಾದೊಡನೆ ಆ ತಾಣದ ಚರಿತ್ರೆಯ ಗುರುತೂ ಹೋಗುತ್ತದೆ. ಮೂರು ತಾಲ್ಲೂಕುಗಳ ಸೇಂದಿವನ ಸರ್ವೆ ನಂಬರುಗಳನ್ನು ಗ್ರಾಮನಕಾಶೆಗಳಿಂದ ಒಂದೆಡೆ ಸಂಗ್ರಹಿಸಿ, ಅಲ್ಲಿ ಇನ್ನೂ ನಿಂತಿರುವ ಮರಗಳ ಕಾಂಡವನ್ನು ಛಾಯಾಚಿತ್ರ ಸಹಿತ ದಾಖಲಿಸಿ, ಕಚ್ಚುಗಳನ್ನು ಎಣಿಸಿ, ಅವುಗಳ ಕಾಲವನ್ನು ಕೊಳ್ಳೇಗಾಲದ ಮದರಾಸು ದಫ್ತರ ಮತ್ತು ಯಳಂದೂರಿನ ಮೈಸೂರು ದಫ್ತರಗಳ ಲೆಕ್ಕದೊಂದಿಗೆ ಹೋಲಿಸುವ ಕೆಲಸಕ್ಕೆ ದೊಡ್ಡ ಹಣವೇನೂ ಬೇಡ. ಒಂದು ಕಾಲೇಜಿನ ಇತಿಹಾಸ ವಿಭಾಗ ಮತ್ತು ಸಸ್ಯಶಾಸ್ತ್ರ ವಿಭಾಗ ಕೂಡಿ ಇದನ್ನು ಮಾಡಬಹುದು. ಜಮೀನನ್ನು ಬೇರೆ ಉಪಯೋಗಕ್ಕೆ ಮಂಜೂರು ಮಾಡುವ ಮುನ್ನ ಈ ದಾಖಲೆಯನ್ನು ಕಡ್ಡಾಯಗೊಳಿಸುವುದು ಕಂದಾಯ ಇಲಾಖೆಯ ಕೈಯಲ್ಲಿದೆ. ಮರ ಉರುಳಿದ ಮೇಲೆ ಈ ಸಮೀಕ್ಷೆಯನ್ನು ಮಾಡಲು ಬರುವುದಿಲ್ಲ.